ಸೀರೆಯಲ್ಲಿ ಅಳೆದ ನಿಲ್ದಾಣ

ನಮ್ಮ ಅತ್ತೆಯ ಜೊತೆ ರೈಲು ಹಿಡಿಯಲು ಹೊರಟವರು ಆ ರೈಲನ್ನೇ ಹಿಡಿದ ದಾಖಲೆ ನಮ್ಮ ಮನೆತನದಲ್ಲಿ ಇಲ್ಲ. ಅವರು ತಡವಾಗಿ ಹೊರಡುತ್ತಾರೆಂದು ನೀವು ತಿಳಿದರೆ ಅದು ಅವರಿಗೆ ಮಾಡುವ ಅನ್ಯಾಯ. ರೈಲಿನ ಹೊತ್ತಿಗಿಂತ ಎರಡು ಗಂಟೆ ಮೊದಲೇ ಅವರು ನಿಲ್ದಾಣದ ಅಂಗಳದಲ್ಲಿ ನಿಂತಿರುತ್ತಾರೆ. ತೊಂದರೆ ಆರಂಭವಾಗುವುದು ಅಲ್ಲಿಂದ ಮುಂದೆ.

ಹಳೆಯ ನಿಲ್ದಾಣವಾದರೆ ಮೊದಲು ದೂರದಲ್ಲಿ ನಿಂತು ಅದರ ಮುಖವನ್ನು ಪೂರ್ತಿಯಾಗಿ ನೋಡಬೇಕು. ಅನಂತರ, ಹಿಂದೆ ಕುದುರೆಗಾಡಿಗಳು ಬಂದು ನಿಲ್ಲುತ್ತಿದ್ದ ಕಮಾನಿನ ಚಾವಣಿಯ ಕೆಳಗೆ ಹೋಗಬೇಕು. ಅಲ್ಲಿಂದ ಟಿಕೆಟ್ ಕೊಡುವ ಹಜಾರ, ಅದರ ಎತ್ತರದ ಬೆಳಕಿಂಡಿಗಳು, ಸಾಮಾನು ತೂಗುತ್ತಿದ್ದ ಮೂಲೆ. ಆಮೇಲೆ ಸ್ಟೇಷನ್ ಮಾಸ್ತರರ ಕೋಣೆ. ಎರಡೂ ದಿಕ್ಕಿನ ಹಳಿಗಳು ಕುಳಿತಲ್ಲಿಗೇ ಕಾಣಲೆಂದು ಆ ಕೋಣೆಯ ಕಿಟಕಿಯನ್ನು ಪ್ಲಾಟ್‌ಫಾರ್ಮಿನೊಳಕ್ಕೆ ಉಬ್ಬಿಸಿ ಕಟ್ಟಿರುತ್ತಾರೆ. ಆ ಉಬ್ಬನ್ನು ಅತ್ತೆ ಅಂಗೈಯಿಂದ ಸವರಬೇಕು. ನಿರೀಕ್ಷಣಾ ಕೋಣೆಗಳನ್ನು ಒಂದೊಂದಾಗಿ ಹೊಕ್ಕು ಹೊರಬರಬೇಕು. ಇಷ್ಟಾದ ಮೇಲೆ ಪ್ಲಾಟ್‌ಫಾರ್ಮು.

"ಅತ್ತಿ, ಪಕ್ಕದ ಗೇಟಿನಿಂದ ಹೋದ್ರ ಎರಡು ನಿಮಿಷ ಅಷ್ಟರಿ," ಎಂದು ನಾನು ಗೋಗರೆದದ್ದುಂಟು.

"ಊಟಕ್ಕ ಕುಂತು ಮೊದಲ ಮಜ್ಜಿಗಿ ಅನ್ನ ಉಣತೀಯೇನು? ಕಟ್ಟಡಕ್ಕೂ ಒಂದು ಸಾಲು ಐತಿ. ಪಕ್ಕದ ಗೇಟಿನಿಂದ ನುಗ್ಗಾಕ ನಾವೇನು ಬುತ್ತಿ ಕದ್ದೀವೇನು?"

ಸಾಲು ಮುಗಿಸಿ ಪ್ಲಾಟ್‌ಫಾರ್ಮಿಗೆ ಬರುವ ಹೊತ್ತಿಗೆ ಕಡೆಯ ಡಬ್ಬಿಯ ಬೆನ್ನು ಕಾಣುತ್ತಿರುತ್ತದೆ. ಅತ್ತೆ ಸೆರಗಿನಿಂದ ಹಣೆ ಒರೆಸಿಕೊಂಡು ನೆಮ್ಮದಿಯಿಂದ ಹೇಳುತ್ತಾರೆ: "ಹೋಗಲಿ ಬಿಡು. ರೈಲು ಇನ್ನೊಂದು ಬರತೈತಿ. ಸ್ಟೇಷನ್ ಇನ್ನೊಂದು ಬರಂಗಿಲ್ಲ." ನನ್ನ ತಮ್ಮನ ಮದುವೆಗೆ ನಾವಿಬ್ಬರೂ ತಲುಪಿದ್ದು ಚಪ್ಪರ ಬಿಚ್ಚುತ್ತಿರುವಾಗ.

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ರಾಯಚೂರಿನ ಕಡೆಯವರು. ಇಪ್ಪತ್ತರ ವಯಸ್ಸಿನಲ್ಲಿ, ಮದುವೆಯಾದ ಎಂಟನೇ ತಿಂಗಳಿಗೆ ಗಂಡನ ಮನೆ ಬಿಟ್ಟು ಒಬ್ಬರೇ ಹೈದರಾಬಾದಿಗೆ ಬಂದವರು. ಇಲ್ಲಿ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಟ್ರೇಸರ್ ಆದರು. ಎಂಜಿನಿಯರು ಬರೆದ ನಕ್ಷೆಯ ಮೇಲೆ ತೆಳುವಾದ ಬಟ್ಟೆ ಹಾಸಿ, ಶಾಯಿಯಲ್ಲಿ ಅದರ ನಕಲು ತೆಗೆಯುವ ಕೆಲಸ. ನಿವೃತ್ತಿಯಾಗುವವರೆಗೆ ಗೆರೆ ಎಳೆದರು. ಒಬ್ಬ ಹೆಂಗಸು, ಆ ಕಾಲದಲ್ಲಿ, ಗುರುತಿಲ್ಲದ ಊರಿಗೆ ಹೇಗೆ ಬಂದರು, ಎಲ್ಲಿ ಉಳಿದರು? ಈ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಅವರ ಉತ್ತರ ಎರಡೇ ಪದ: "ರೈಲಿನ್ಯಾಗ ಬಂದೆ."

ದಿಲ್‌ಸುಖ್‌ನಗರದಲ್ಲಿ ಮೂರನೆಯ ಮಹಡಿಯ ಅವರ ಮನೆಗೆ ನೀವು ಹೋಗಬೇಕು. ಹೋದರೆ ಬಾಗಿಲು ತೆರೆಯುವುದಿಲ್ಲ. ಬಾಗಿಲ ಪಕ್ಕದ ಸಣ್ಣ ಕಿಟಕಿ ತೆರೆಯುತ್ತದೆ. ಅಲ್ಲಿ ನಿಂತು ಎಲ್ಲಿಂದ ಬಂದಿರಿ, ಎಷ್ಟು ಹೊತ್ತು ಇರುತ್ತೀರಿ ಎಂದು ತಿಳಿಸಿದ ಮೇಲೆ ಪ್ರವೇಶ. ಒಳಗೆ ಕಾಲಿಟ್ಟೊಡನೆ ಎಡಗಡೆ ನೆಲದ ಮೇಲೆ ತೂಕದ ಯಂತ್ರ. ಊರಿನಿಂದ ಬಂದ ನೆಂಟರ ಚೀಲವನ್ನು ಅದರ ಮೇಲಿಟ್ಟು ಅತ್ತೆ ಮುಳ್ಳು ನೋಡುತ್ತಾರೆ. "ಹದಿನಾಲ್ಕು ಕಿಲೋ. ಬಾಯಿಲೆ ಎರಡು ದಿನ ಅಂತೀ, ಚೀಲ ಎಂಟು ದಿನ ಅನ್ನಾಕತ್ತೈತಿ." ಅವರ ಲೆಕ್ಕ ಒಮ್ಮೆಯೂ ತಪ್ಪಿಲ್ಲ. ನಡುಮನೆಯಿಂದ ಬಾಲ್ಕನಿಯವರೆಗಿನ ಉದ್ದನೆಯ ಓಣಿಯಲ್ಲಿ ಒಂದು ಚಪ್ಪಲಿಯನ್ನೂ ಬಿಡುವಂತಿಲ್ಲ, ಅದು ಪ್ಲಾಟ್‌ಫಾರ್ಮು. ಬಾಲ್ಕನಿಯಲ್ಲಿ ಎರಡು ಮುಖದ ಗಡಿಯಾರ; ಒಂದು ಮುಖ ಮನೆಗೆ, ಇನ್ನೊಂದು ಬೀದಿಗೆ. ಎದುರಿನ ಕೋಚಿಂಗ್ ಸೆಂಟರಿನ ಮೇಷ್ಟರು ಅದನ್ನು ನೋಡಿ ಪಾಠ ನಿಲ್ಲಿಸುತ್ತಾರೆ. ಅತ್ತೆ ಒಮ್ಮೆ ಜ್ವರ ಬಂದು ಗಡಿಯಾರಕ್ಕೆ ಕೀಲಿ ಕೊಡದೆ ಹೋದಾಗ, ಆ ಮಕ್ಕಳು ತ್ರಿಕೋನಮಿತಿಯನ್ನು ಸಂಜೆಯವರೆಗೂ ಕಲಿತರಂತೆ.

ಮೆಟ್ರೊ ನಿಲ್ದಾಣ ಅವರ ಮನೆಯಿಂದ ನಾಲ್ಕು ಹೆಜ್ಜೆ. ಅದು ಆರಂಭವಾದ ಹೊಸತರಲ್ಲಿ ನಾನೇ ಹೆಮ್ಮೆಯಿಂದ ಕರೆದುಕೊಂಡು ಹೋದೆ. ಅತ್ತೆ ಕೆಳಗೆ ನಿಂತು, ಆ ಕಡೆ ಈ ಕಡೆ ಕತ್ತು ಹೊರಳಿಸಿ, ಕಾವಲುಗಾರನನ್ನು ಕೇಳಿದರು: "ಬಾಬಾ, ಇಸ್‌ಕಾ ಮೂ ಕಿಧರ್ ಹೈ?"

ನಿಲ್ದಾಣದ ಮುಖ ಯಾವ ಕಡೆ ಎಂಬ ಪ್ರಶ್ನೆ ಅವನಿಗೆ ತರಬೇತಿಯಲ್ಲಿ ಬಂದಿರಲಿಲ್ಲ. "ಅಮ್ಮಾ, ಎ, ಬಿ, ಸಿ, ಡಿ, ಚಾರ್ ಗೇಟಾಂ ಹೈ," ಎಂದ.

ಅತ್ತೆ ನನ್ನ ಕಡೆ ತಿರುಗಿದರು. "ನಾಕು ಮುಖ ಇದ್ರ ಅದು ಬ್ರಹ್ಮದೇವರು. ಸ್ಟೇಷನ್ ಅಲ್ಲ. ಕೈ ಮುಗದು ಮನಿಗೆ ಹೋಗೂಣು ನಡಿ."

ಇನ್ನು ಸೀರೆಯ ವಿಷಯ. ಅತ್ತೆಯ ಬಳಿ ಒಂದು ಇಳಕಲ್ ಸೀರೆ ಇದೆ. ಒಂಬತ್ತು ಗಜದ್ದು, ಅವರ ಮದುವೆಯದು. ಅವರು ಅದನ್ನು ಉಡುವುದಿಲ್ಲ. ಅದರಿಂದ ನಿಲ್ದಾಣಗಳನ್ನು ಅಳೆಯುತ್ತಾರೆ. ಅಂಚಿನ ಉದ್ದಕ್ಕೂ ಒಂದೊಂದು ಅಡಿಗೆ ಒಂದು ಹಳದಿ ದಾರದ ಗಂಟು. ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ಅಂದು ಕೈಗೆ ಸಿಕ್ಕ ಪ್ರಯಾಣಿಕರ ಕೈಯಲ್ಲಿ. "ಟೇಪ್ ತರತೀನ್ರಿ," ಎಂದರೆ ಒಪ್ಪುವುದಿಲ್ಲ. "ಇವನ್ನ ಕಟ್ಟಿದ್ದು ಫೂಟು, ಗಜದಾಗ. ಹನ್ನೆರಡು ಫೂಟಿನ ಖೋಲಿಗೆ ನಿನ್ನ ಮೀಟರ್ ಹಿಡದ್ರ ಮೂರು ಮೀಟರ್ ಅರವತ್ತೈದು ಮುಕ್ಕಾಲು ಬರತೈತಿ. ಕಟ್ಟಿದಾಂವ ಮುಕ್ಕಾಲಿಗೆ ಕಟ್ಟಿದ್ನೇನು?" ಟೇಪಿನಲ್ಲಿ ಅಡಿಯೂ ಇರುತ್ತದೆ ಎಂದು ತೋರಿಸಿದೆ. "ಇರಲಿ. ಟೇಪ್ ಹಿಡಿ ಅಂದ್ರ ಮಂದಿ ಬ್ಯಾಸರಲೆ ಹಿಡೀತಾರ. ಸೀರಿ ಹಿಡಿ ಅಂದ್ರ ಹುಷಾರಿಲೆ ಹಿಡೀತಾರ, ಎಳದ್ರ ಹರದೀತು ಅಂತ." ಆಮೇಲೆ ಸಡಿಲಾದ ಒಂದು ಗಂಟನ್ನು ಬಿಗಿಯುತ್ತ ಹೇಳಿದರು: "ಮದುವಿಂದ ನನಗ ದಕ್ಕಿದ್ದು ಈ ಒಂಬತ್ತು ಗಜ ಅಷ್ಟ. ದುಡೀಲಿ ಅದೂ."

ಬೇಗಂಪೇಟೆಯ ಕಡೆ ಒಮ್ಮೆ ಹೀಗೆ ಸೀರೆ ಹರಡಿದಾಗ ಪೊಲೀಸಿನವನೊಬ್ಬ ಓಡಿ ಬಂದ. ವೃದ್ಧೆಯೊಬ್ಬಳು ಪ್ಲಾಟ್‌ಫಾರ್ಮಿನಲ್ಲಿ ಸೀರೆ ಒಣಹಾಕುತ್ತಿದ್ದಾಳೆಂದು ಯಾರೋ ದೂರು ಕೊಟ್ಟಿದ್ದರಂತೆ. "ಏಂದಮ್ಮಾ ಇದಿ?" ಎಂದು ತೆಲುಗಿನಲ್ಲಿ ಗದರಿದ. ಐದು ನಿಮಿಷದ ನಂತರ ನೋಡಿದರೆ ಆತ ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಸೀರೆಯ ಇನ್ನೊಂದು ತುದಿ ಹಿಡಿದಿದ್ದ. ಎಳೆದರೆ ಹರಿದೀತೆಂದು, ಹುಷಾರಾಗಿ.

ನಾನು ಅತ್ತೆಯ ಹಾಗಲ್ಲ. ನಾನು ಓದಿದ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯ ಬದಲು, ಹಿಂದಿನ ದಿನ ಕಂಡ ಒಂದು ಅನ್ಯಾಯವನ್ನು ಎದ್ದು ನಿಂತು ಹೇಳಬೇಕಿತ್ತು. ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ; ಬಿಡಬಾರದು ಎಂದೇ ಇಂದಿಗೂ ನನ್ನ ನಂಬಿಕೆ. ಆದ್ದರಿಂದ ಅತ್ತೆ ಕಮಾನು ನೋಡುವಲ್ಲಿ ನನಗೆ ಬೇರೆಯೇ ಕಾಣುತ್ತದೆ. ಮೊದಲ ದರ್ಜೆಯವರಿಗೆ ಆರಾಮಕುರ್ಚಿಯ ಕೋಣೆ, ಸ್ನಾನದ ಮನೆ; ಮೂರನೆಯ ದರ್ಜೆಯವರಿಗೆ ಬಾಗಿಲೇ ಇಲ್ಲದ ತಗಡಿನ ಚಪ್ಪರ. ಕಟ್ಟಡದ ನಡುಭಾಗ ದೊರೆಗಳಿಗೆ, ಅಂಚು ಕೂಲಿಗಳಿಗೆ. ಧರ್ಮಕ್ಕೊಂದು ನೀರಿನ ಕೊಡ. ಕಲ್ಲು ಹೊತ್ತವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ. ಇದೆಲ್ಲ ಸುಳ್ಳೇ? ಒಂದೂ ಸುಳ್ಳಲ್ಲ.

ನಗರದ ಅಂಚಿನಲ್ಲಿರುವ ಒಂದು ಪುಟ್ಟ ಹಳೆಯ ನಿಲ್ದಾಣವನ್ನು ನವೀಕರಿಸುತ್ತಾರೆಂಬ ಪ್ರಕಟಣೆ ಬಂದಾಗ, ನಮ್ಮ ನಾಗರಿಕ ವೇದಿಕೆಯ ಪರವಾಗಿ ನಾನೊಂದು ಮನವಿ ಬರೆದೆ. ಹನ್ನೊಂದು ಅನ್ಯಾಯಗಳನ್ನು ಕ್ರಮವಾಗಿ ಹೆಸರಿಸಿದೆ. ಏಳನೆಯದು ಆ ನಿಲ್ದಾಣದ ಪಡುವಣ ತುದಿಯಲ್ಲಿದ್ದ ಹೆಂಗಸರ ಕೋಣೆ. ಅದಕ್ಕೆ ಪ್ಲಾಟ್‌ಫಾರ್ಮಿನ ಕಡೆಗೊಂದು ಬಾಗಿಲು. ಇನ್ನೊಂದು, ಹಿಂದುಗಡೆ ಎತ್ತರದ ಮರೆಗೋಡೆಯ ಒಳಗೆ ಅಡಗಿದ ಪರ್ದಾ ಬಾಗಿಲು. ಬೀದಿಯಿಂದ ಗಾಡಿಯಲ್ಲಿ ಬಂದ ಹೆಂಗಸು ಯಾವ ಗಂಡಸಿನ ಕಣ್ಣಿಗೂ ಬೀಳದೆ ಒಳಗೆ ಸೇರಲೆಂದು ಮಾಡಿದ ವ್ಯವಸ್ಥೆ. ನಾನು ಬರೆದೆ: "ಹೆಣ್ಣನ್ನು ಲೋಕದಿಂದ ಮರೆಮಾಡಲು ಕಟ್ಟಿದ ಈ ಗುಪ್ತದ್ವಾರವು ನಾಗರಿಕ ಸಮಾಜಕ್ಕೆ ಅಪಮಾನ." ಆ ವಾಕ್ಯಕ್ಕೆ ವೇದಿಕೆಯ ಸಭೆಯಲ್ಲಿ ಚಪ್ಪಾಳೆ ಬಿತ್ತು.

ನಾನು ಬಯಸಿದ್ದು ಗೋಡೆಯ ಮೇಲೆ ಈ ಇತಿಹಾಸವನ್ನು ತಿಳಿಸುವ ಒಂದು ಫಲಕವನ್ನು. ಆದರೆ ನವೀಕರಣದ ನಕ್ಷೆ ತಯಾರಿಸಿದ ಖಾಸಗಿ ಸಲಹಾ ಕಚೇರಿಯವರಿಗೆ ಆ ಪಡುವಣ ತುದಿಯಲ್ಲಿ ಕಾರು ನಿಲ್ಲಿಸುವ ಜಾಗ ಬೇಕಾಗಿತ್ತು. ಮೂಲ ಕಟ್ಟಡವನ್ನು ಉಳಿಸಬೇಕು, ಆಮೇಲೆ ಸೇರಿಸಿದ್ದನ್ನು ಕೆಡವಬಹುದು ಎಂಬುದು ನಿಯಮ. ಅವರು ಪಡುವಣ ಕೋಣೆಯನ್ನು "ಆಮೇಲೆ ಸೇರಿಸಿದ್ದು" ಎಂದು ಕೆಂಪು ಶಾಯಿಯಲ್ಲಿ ಗುರುತಿಸಿದರು. ಅದರ ಕೆಳಗೆ, "ಸಾರ್ವಜನಿಕರ ಒತ್ತಾಯವೂ ಇದೆ" ಎಂದು ಬರೆದು, ನನ್ನ ಮನವಿಯನ್ನು ಲಗತ್ತಿಸಿದರು.

ನಕ್ಷೆ ಪ್ರಕಟವಾದ ದಿನವೇ ನಾನು ಓಡಿದ್ದು ಅತ್ತೆಯ ಮನೆಗೆ. ಕಿಟಕಿ ತೆರೆಯಿತು. ಮನವಿಯ ಪ್ರತಿ ಅವರ ಕೈಯಲ್ಲಿತ್ತು.

"ಭಾಳ ಚೊಲೋ ಬರದೀ," ಎಂದರು. "ಒಂದು ತಪ್ಪಿಲ್ಲ. ಬರೇ ಕಟ್ಟಡ ಬೀಳತೈತಿ ಅಷ್ಟ."

"ಅತ್ತಿ, ನಾ ಕೆಡವ್ರಿ ಅಂತ ಎಲ್ಲೂ ಬರದಿಲ್ಲರಿ. ಆದ್ರ ಅನ್ಯಾಯ ಆಗಿದ್ದು ಖರೆ ಅಲ್ಲೇನ್ರಿ?"

"ಖರೆ. ಹನ್ನೊಂದು ಬರದೀ, ನಾ ಇನ್ನೂ ಆರು ಹೇಳತೀನಿ, ಬರಕೊ. ಅದೆಲ್ಲಾ ಆ ಗ್ವಾಡಿಯೊಳಗ ಐತಿ. ನೀ ಕೋರ್ಟಿಗೆ ಹೋಗಾಕಿ, ಸಾಕ್ಷೀನ ಕೆಡವಿ ಹೋಗತೀಯೇನು?"

ಕಿಟಕಿ ಮುಚ್ಚಿತು. "ಕೌಂಟರ್ ಬಂದ್ ಐತಿ," ಎಂಬ ಧ್ವನಿ ಒಳಗಿನಿಂದ ಬಂತು. ಎಂಟು ದಿನ ಆ ಕೌಂಟರು ತೆರೆಯಲಿಲ್ಲ. ನಿಲ್ದಾಣವೊಂದು ಬಿದ್ದರೆ ಅತ್ತೆಗೆ ಬೇಸರವಾಗುವುದು ನನಗೆ ಗೊತ್ತಿತ್ತು. ಆದರೆ ಈ ಸಲದ ಮೌನ ಬೇಸರದ್ದಲ್ಲ, ಭಯದ್ದು ಎಂದು ನನಗೆ ಅನ್ನಿಸಿತು. ಒಂಬತ್ತನೆಯ ದಿನ ಕಿಟಕಿ ತೆರೆದು ಮಡಚಿದ ಸೀರೆಯನ್ನು ನನ್ನ ಕೈಗಿಟ್ಟರು. "ನಾಳೆ ಅಹವಾಲು ಸಭೆ ಐತಲ್ಲ. ಒಂದು ತುದಿ ಹಿಡಿಯಾಕ ನೀನ ಬಾ. ಬಾಯಿ ಮಾತ್ರ ಮನ್ಯಾಗ ಇಟ್ಟು ಬಾ."

ಸಭೆ ಆ ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲೇ, ಮರದ ಝಾಲರಿಯ ಚಾವಣಿಯ ಕೆಳಗೆ ನಡೆಯಿತು. ಅಧ್ಯಕ್ಷರ ಕುರ್ಚಿಯಲ್ಲಿ ಹಿರಿಯ ಎಂಜಿನಿಯರರೊಬ್ಬರು. ಸಲಹಾ ಕಚೇರಿಯಿಂದ ಇಸ್ತ್ರಿ ಮಾಡಿದ ಅಂಗಿಯ ತರುಣ. ಆತ ಪರದೆಯ ಮೇಲೆ ನಕ್ಷೆ ತೋರಿಸಿದ: ನಡುವೆ ಕಮಾನಿನ ಚಾವಣಿ ಮತ್ತು ಟಿಕೆಟ್ ಹಜಾರ, ಪೂರ್ವಕ್ಕೆ ಮಾಸ್ತರರ ಕೋಣೆ ಮತ್ತು ಮೊದಲ ದರ್ಜೆಯ ಕೋಣೆ, ಇಷ್ಟೇ ಮೂಲ ಕಟ್ಟಡ. ಪಡುವಣದ್ದು ಆಮೇಲಿನದು. ಜನರಿಗೂ ಅದು ಬೇಡವಾಗಿದೆ ಎಂದು ನನ್ನ ಏಳನೆಯ ಅನ್ಯಾಯವನ್ನು ಭಾವಪೂರ್ಣವಾಗಿ ಓದಿದ. ನನ್ನ ಗದ್ಯ ಎಷ್ಟು ಚೆನ್ನಾಗಿದೆ ಎಂದು ಅಂದು ಮೊದಲ ಬಾರಿಗೆ ನಾಚಿಕೆಯಾಯಿತು.

ನಾನು ಎದ್ದು, ಬರೆದವಳು ನಾನೇ, ಕೆಡವಲು ಬರೆದದ್ದಲ್ಲ, ಹಿಂತೆಗೆದುಕೊಳ್ಳುತ್ತೇನೆ ಎಂದೆ. ಮನವಿ ಹೋದರೂ ನಿಯಮ ಇದೆಯಲ್ಲ ಎಂದ ತರುಣ. ಅಷ್ಟರಲ್ಲಿ ಅತ್ತೆ ಎದ್ದರು.

"ಸಾಹೇಬ್ರ, ಒಂದು ಸಲ ಹೊರಗ ಬಂದು ಈ ಸ್ಟೇಷನ್ನಿನ ಮಾರಿ ನೋಡ್ರಿ."

"ಬರ್ರಿ ಅಮ್ಮಾರ, ನೋಡೂಣು," ಎಂದರು ಅಧ್ಯಕ್ಷರು. ಧಾರವಾಡದ ಕಡೆಯವರೆಂದು ಆಗ ತಿಳಿಯಿತು.

ಸಭೆ ಪೂರ್ತಿ ಎದ್ದು ಅಂಗಳಕ್ಕೆ ಬಂತು. ಅತ್ತೆ ಕಮಾನಿನ ಸರಿನಡುವೆ ನಿಂತು ಸೀರೆಯ ತುದಿಯನ್ನು ಅಧ್ಯಕ್ಷರ ಕೈಗೇ ಕೊಟ್ಟರು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದರು. ನಾನು ಇನ್ನೊಂದು ತುದಿ ಹಿಡಿದು ಪೂರ್ವಕ್ಕೆ ನಡೆದೆ. ಒಂದು ಸೀರೆ, ಮತ್ತೆ ಅಲ್ಲಿಂದ ಇನ್ನೊಂದು ಸೀರೆ, ಮೂಲೆಗಲ್ಲು ಮುಟ್ಟಲು ಇನ್ನೂ ಮೂರು ಗಂಟು. "ಎರಡು ಸೀರಿ, ಮೂರು ಫೂಟು. ಬರಕೊಳ್ರಿ." ಈಗ ಪಡುವಣಕ್ಕೆ. ಒಂದು ಸೀರೆ. ಎರಡು ಸೀರೆ. ಮೂರು ಗಂಟು. ನನ್ನ ಹೆಬ್ಬೆರಳು ಹೆಂಗಸರ ಕೋಣೆಯ ಮೂಲೆಗಲ್ಲಿನ ಅಂಚಿನಲ್ಲಿತ್ತು, ಒಂದು ಬೆರಳಿನಷ್ಟೂ ಹೆಚ್ಚುಕಡಿಮೆಯಿಲ್ಲದೆ.

"ಈ ಖೋಲಿ ಆಮ್ಯಾಲೆ ಕಟ್ಟಿದ್ದಾದ್ರ ಮೊದಲಿಗೆ ಕಮಾನು ಒಂದು ತುದಿಗಿತ್ತು ಅಂದಂಗಾತು. ಮೂಗನ್ನ ಕೆನ್ನಿ ಮ್ಯಾಲೆ ಇಟ್ಟು ಯಾರರ ಮಾರಿ ಮಾಡತಾರೇನ್ರಿ?"

ಜನ ನಕ್ಕರು. ಅಧ್ಯಕ್ಷರೂ ನಕ್ಕು, ಆದರೆ ವೃತ್ತಿಧರ್ಮ ಬಿಡದೆ ಕೇಳಿದರು: "ಅಮ್ಮಾರ, ಆಮ್ಯಾಲೆ ಕಟ್ಟಿದವರೂ ಅಳತಿ ಹಿಡದ ಕಟ್ಟಿರಬಹುದಲ್ರಿ?"

ಇದನ್ನು ನಾನು ಯೋಚಿಸಿರಲಿಲ್ಲ. ಅತ್ತೆ ಯೋಚಿಸಿದ್ದರು. ಹಜಾರದ ಗೋಡೆಯೂ ಹೆಂಗಸರ ಕೋಣೆಯ ಗೋಡೆಯೂ ಸೇರುವ ಕಡೆಗೆ ಹೋಗಿ, ಎಪ್ಪತ್ತು ದಾಟಿದ ಮಂಡಿಯನ್ನು ನೆಲಕ್ಕೆ ಊರಿ ಕುಳಿತರು. ಸೊಂಟದ ಬೀಗದ ಕೈಯಿಂದ ಬುನಾದಿಯ ಕಲ್ಲಿನ ಮೇಲಿನ ಸುಣ್ಣ, ಬಣ್ಣಗಳ ಪದರನ್ನು ಕೆರೆಯತೊಡಗಿದರು. ಹಳದಿ ಹೋಯಿತು, ನೀಲಿ ಹೋಯಿತು, ಕಾವಿ ಹೋಯಿತು. ಕೆಳಗೆ ಬೂದುಬಣ್ಣದ ಕಲ್ಲು. ಎರಡು ಕೋಣೆಗಳು ಕೂಡುವ ಜಾಗದಲ್ಲಿ ಕಲ್ಲಿಗೆ ಸಂದಿಯೇ ಇರಲಿಲ್ಲ. ಒಂದೇ ಉದ್ದನೆಯ ಕಲ್ಲು, ಅರ್ಧ ಹಜಾರದ ಕೆಳಗೆ, ಅರ್ಧ ಹೆಂಗಸರ ಕೋಣೆಯ ಕೆಳಗೆ.

"ಒಂದ ಕಲ್ಲು ಎರಡು ಖೋಲಿ ಹೊತ್ಕೊಂಡು ಮಲಗೈತಿ. ಇದನ್ನ ಆಮ್ಯಾಲೆ ಹ್ಯಾಂಗ ತುರುಕಿದ್ರು, ಸ್ವಲ್ಪ ಕೇಳಿ ಹೇಳ್ರಿ," ಎಂದು ತರುಣನ ಕಡೆ ನೋಡಿದರು.

ಆತ ಬಗ್ಗಿ ಕಲ್ಲನ್ನು ನೋಡಿದ. ಎದ್ದು ನಕ್ಷೆಯನ್ನು ನೋಡಿದ. ಮತ್ತೆ ಬಗ್ಗಿ ಕಲ್ಲನ್ನು ನೋಡಿದ. "ಸಾರಿ ಮೇಡಂ," ಎಂದ. ಅವನ ಮಟ್ಟಿಗೆ ಹೇಳಬೇಕಾದರೆ, ಪ್ರಾಮಾಣಿಕವಾಗಿಯೇ ಹೇಳಿದ.

ಅಧ್ಯಕ್ಷರು ಅಲ್ಲಿಯೇ ಬರೆಸಿದರು: ಪಡುವಣ ಕೋಣೆಯು ಮೂಲ ಕಟ್ಟಡದ ಭಾಗ, ಅದನ್ನು ಅದರ ಎರಡೂ ಬಾಗಿಲುಗಳ ಸಹಿತ ಉಳಿಸತಕ್ಕದ್ದು, ಗೋಡೆಗೆ ಇತಿಹಾಸದ ಫಲಕ ಹಾಕತಕ್ಕದ್ದು. ನಕ್ಷೆಯಲ್ಲಿ ಕೋಣೆಯನ್ನು ಸೇರಿಸಿ ಹೊಸ ಗೆರೆ ಎಳೆಯಬೇಕೆಂದಾಗ ಅತ್ತೆ ಕೈಚಾಚಿ ಪೆನ್ನು ಕೇಳಿದರು. ಪಟ್ಟಿ ಹಿಡಿಯದೆ, ಉಸಿರು ಕಟ್ಟಿ, ಒಂದೇ ಎಳೆತದಲ್ಲಿ ಕೋಣೆಯ ನಾಲ್ಕು ಗೋಡೆ ಎಳೆದರು. ಗೆರೆ ನೆಟ್ಟಗಿತ್ತು. ಪ್ಲಾಟ್‌ಫಾರ್ಮಿನಲ್ಲಿ ಚಪ್ಪಾಳೆಯಾಯಿತು. ನನ್ನ ವಾಕ್ಯಕ್ಕೆ ಬಿದ್ದದ್ದಕ್ಕಿಂತ ದೊಡ್ಡದು!

ಜನ ಚದುರಿದ ಮೇಲೆ ಅತ್ತೆ ಹೆಂಗಸರ ಕೋಣೆಯ ಬಾಗಿಲು ದೂಡಿ ಒಳಗೆ ಹೋದರು. ಧೂಳು, ಮುರಿದ ಒಂದು ಬೆಂಚು. ಅವರು ಆ ಬೆಂಚಿನ ಮೇಲೆ, ತಮ್ಮ ಜಾಗವೆಂಬಂತೆ, ಮೂಲೆಗೆ ಸರಿದು ಕುಳಿತರು.

"ಇಲ್ಲೇ ಹನ್ನೊಂದು ದಿನ ಇದ್ದೆ," ಎಂದರು.

"ಯಾವಾಗ್ರಿ?" ಎಂದೆ.

"ಊರಿಂದ ಬಂದಾಗ. ಕೈಯಾಗ ನೌಕರಿ ಕಾಗದ ಇತ್ತು, ಊರಾಗ ಗುರುತಿನವರು ಯಾರೂ ಇರಲಿಲ್ಲ. ಇಲ್ಲಿ ಒಬ್ಬಾಕಿ ಆಯಾ ಇದ್ಲು. ಮಲಕೊ ಬೇಟೀ ಅಂದ್ಲು. ಮೂರನೇ ದಿನ ನಮ್ಮ ಭಾವ ಹುಡಿಕ್ಯಾಡಿಕೊಂಡು ಬಂದ, ಗಂಡನ ಅಣ್ಣ. ಎಳಕೊಂಡು ಹೋಗಾಕ. ಆಯಾ ಕಸಬರಗಿ ಹಿಡಕೊಂಡು ಆ ಬಾಗಲದಾಗ ನಿಂತ್ಲು. 'ಜನಾನಾ ಹೈ. ಮರ್ದಾಂ ಅಂದರ್ ನೈ ಆತೇ.' ಅಂವ ಎಷ್ಟು ಒದರಿದ್ರೂ ಸರೀಲಿಲ್ಲ. ಗಂಡಸರು ಒಳಗ ಬರಂಗಿಲ್ಲ, ಅದು ಕಾಯಿದೆ ಅಂದ್ಲು."

"ಆಮ್ಯಾಲೆ?"

"ಆಮ್ಯಾಲೇನು? ಹೊರಗ ಬರಲೇಬೇಕಲ್ಲ ಅಂತ ಅಂವ ಪ್ಲಾಟ್‌ಫಾರ್ಮಿನ್ಯಾಗ, ಈ ಬಾಗಲಾ ಕಾಯಕೋತ ಕುಂತ. ಮೂರು ದಿನ ಕುಂತ. ನಾ ಮೂರೂ ದಿನ ಹಿಂದಿನ ಬಾಗಲದಿಂದ ನೌಕರಿಗೆ ಹೋಗಿ ಬಂದೆ. ಗಂಡಸರಿಗೆ ಕಾಣಬಾರದು ಅಂತ ಕಟ್ಟಿದ ಬಾಗಲಾ," ಎಂದು ಅತ್ತೆ ಮರೆಗೋಡೆಯ ಕಡೆ ನೋಡಿದರು. "ಕಾಣಲಿಲ್ಲ ಅವಂಗ. ಭಾಳ ಛಂದ ಕಟ್ಟಿದ್ರು."

ನನ್ನ ಏಳನೆಯ ಅನ್ಯಾಯ ಆ ಕೋಣೆಯಲ್ಲಿ ನನ್ನ ಎದುರು ನಿಂತಿತ್ತು. ಅದು ಅನ್ಯಾಯವೇ, ನಾನು ಇಂದಿಗೂ ಹಾಗೆಯೇ ಬರೆಯುತ್ತೇನೆ. ಆದರೆ ಆ ಅನ್ಯಾಯದ ಗೋಡೆಗೆ ಆತು ಒಬ್ಬ ಹುಡುಗಿ ನಿದ್ದೆ ಮಾಡಿದ್ದಳು.

"ಇದನ್ನ ಸಭೆಯೊಳಗ ಹೇಳಿದ್ರ ಆಗಲೇ ಗೆಲ್ಲತಿದ್ವಿ. ಯಾಕ ಹೇಳಲಿಲ್ಲರಿ?"

"ಅಳತಿ ಇತ್ತು. ಕತಿ ಯಾಕ ಬೇಕು?" ಅತ್ತೆ ಎದ್ದರು. "ಮೊದಲ ಹೇಳಿದ್ರ ನೀ ಅದನ್ನೂ ಅರ್ಜಿಯೊಳಗ ಬರೀತಿದ್ದಿ, ಹನ್ನೆರಡನೇದ್ದು ಅಂತ."

"ಈಗ ಬರೀಲೇನು?"

"ಈಗ ಬರಿ. ಖೋಲಿ ಉಳೀತಲ್ಲ. ಮೊದಲ ಈ ಸೀರಿ ಮಡಚು."

ಒಂಬತ್ತು ಗಜದ ಸೀರೆಯನ್ನು ಒಬ್ಬರೇ ಮಡಚಲಾಗದು. ಆ ತುದಿ ಅವರು, ಈ ತುದಿ ನಾನು. ಮೊದಲ ಮಡಿಕೆಗೆ ಅವರು ಹತ್ತು ಹೆಜ್ಜೆ ಬಂದರು, ಎರಡನೆಯದಕ್ಕೆ ನಾನು ಐದು ಹೆಜ್ಜೆ. ಮೂರನೆಯದಕ್ಕೆ ನಮ್ಮ ಬೆರಳುಗಳು ಸೇರಿದವು. ನನ್ನ ಕೈಯಲ್ಲಿದ್ದ ತುದಿಯನ್ನು ಅವರು ತೆಗೆದುಕೊಳ್ಳಲಿಲ್ಲ, ನಾನೂ ಬಿಡಲಿಲ್ಲ. ಹಾಗೆಯೇ ನಿಂತಿರುವಾಗ ಹೊರಗೆ ನಾವು ಹಿಡಿಯಬೇಕಾಗಿದ್ದ ರೈಲು ಬಂತು, ನಿಂತಿತು, ಕೂಗಿತು, ಹೊರಟಿತು.

"ಅತ್ತಿ, ರೈಲು," ಎಂದೆ.

"ಹೋಗಲಿ ಬಿಡು," ಎಂದರು ಅತ್ತೆ. "ಕುಂದ್ರಾಕ ಖೋಲಿ ಐತಿ."